ಭಟ್ಟಿಗೆ ಹಾಕದ ನಲವತ್ತು ಪಾತ್ರೆಗಳು

ಕಳೆದ ತಿಂಗಳು ಮುಂಬೈ ಪಕ್ಕದ ಠಾಣೆ ಊರಿನ ನೌಪಾಡಾದಲ್ಲಿ ಒಂದು ಪಾತ್ರೆ ಅಂಗಡಿಗೆ ಹೋಗಿದ್ದೆ. ಮನೆಯಲ್ಲಿ ಹಾಲು ಕಾಯಿಸಲು ಒಂದು ಸ್ಟೀಲಿನ ಪಾತ್ರೆ ಬೇಕಿತ್ತು. ನಾನು ಏನೂ ಕೇಳುವ ಮೊದಲೇ ಅಂಗಡಿಯವನು ಜೇಬಿನಿಂದ ದಾರ ಕಟ್ಟಿದ ಮ್ಯಾಗ್ನೆಟ್ ತೆಗೆದು ಪಾತ್ರೆಯ ತಳಕ್ಕೆ ಹಿಡಿದ. ಅದು ಜಾರಿ ಬಿತ್ತು.

"ಬಘಾ ಮ್ಯಾಡಮ್, ಚಿಕಟತ್ ನಾಹಿ. ಏಕದಮ್ ಅಸ್ಸಲ್ ಮಾಲ್."

ನೋಡಿ, ಅಂಟುವುದಿಲ್ಲ, ಅಸಲಿ ಮಾಲು ಎಂದು ಅವನು ಬೀಗುತ್ತಿರುವಾಗಲೇ ಅವನ ಕೈಯಿಂದ ಮ್ಯಾಗ್ನೆಟ್ ತೆಗೆದುಕೊಂಡು ನಾನು ಪಾತ್ರೆಯ ಬಾಯಂಚಿಗೆ ಹಿಡಿದೆ. ಅಲ್ಲಿ ಅದು ಸಣ್ಣಗೆ ಎಳೆಯಿತು, ಅಂಟಿತು. ಪಾಪ, ಅವನ ಮುಖ ಬಿಳಿಚಿಕೊಂಡಿತು. ಮಾಲು ಅಸಲಿಯೇ, ಹೆದರಬೇಡಿ ಎಂದು ಅವನಿಗೆ ಸಮಾಧಾನ ಹೇಳಿದೆ. ಹೇಳುತ್ತಿದ್ದ ಹಾಗೇ ಪಾತ್ರೆಯನ್ನು ಕಿವಿಯ ಹತ್ತಿರ ಹಿಡಿದು ನಿಂತಿದ್ದೆ. ಸ್ಟೀಲಿನ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೂ ಈ ಅಭ್ಯಾಸ ಹೋಗಿಲ್ಲ. ಅದು ಒಂದೇ ಒಂದು ಚಳಿಗಾಲದ ಕೊಡುಗೆ.

ಆಗ ನನಗೆ ಇಪ್ಪತ್ತಮೂರು. ಮೆಟಲರ್ಜಿಯಲ್ಲಿ ಬಿ.ಇ. ಮುಗಿಸಿ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಪಾತ್ರೆ ಕಾರ್ಖಾನೆಗೆ ಸೇರಿದ್ದೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅಪ್ಪ ಕಾರ್ಕಳದ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು ನೌಪಾಡಾದ ಒಂದು ಉಡುಪಿ ಹೋಟೆಲಿನ ಅಡುಗೆಮನೆ ಸೇರಿದವರು. ಪರೋಟ, ಪೂರಿ, ಹಿಟ್ಟಿನ ಕೆಲಸವೆಲ್ಲ ಅವರದು. ನನ್ನ ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ಅದನ್ನು ಹೋಟೆಲಿಗೆ ಒಯ್ದು ಎಲ್ಲರಿಗೂ ತೋರಿಸಿ, ಎಣ್ಣೆ ಕೈ ತಾಗೀತೆಂದು ದಾರಿಯಲ್ಲೇ ಲ್ಯಾಮಿನೇಶನ್ ಮಾಡಿಸಿಕೊಂಡು ಬಂದಿದ್ದರು. ಮೂಲಪ್ರತಿಗೆ ಹಾಗೆ ಲ್ಯಾಮಿನೇಶನ್ ಮಾಡಿಸಬಾರದು ಎಂದು ನಾನು ಹೇಳಲಿಲ್ಲ. ಹೋಟೆಲಿನವರು ಅಂದಿನಿಂದ ಅವರನ್ನು "ಎಂಜಿನಿಯರ್ ಅಪ್ಪ" ಎಂದೇ ಕರೆಯುತ್ತಿದ್ದರು. ತಮಾಷೆಗೇ ಕರೆಯುತ್ತಿದ್ದದ್ದು, ಆದರೆ ಅಪ್ಪ ಅದನ್ನು ತಮಾಷೆಯಾಗಿ ತೆಗೆದುಕೊಳ್ಳುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ನನ್ನ ಹುದ್ದೆ ಕ್ವಾಲಿಟಿ ಇನ್‌ಚಾರ್ಜ್. ಆ ವಿಭಾಗದಲ್ಲಿ ನಾನು ಬಿಟ್ಟರೆ ಒಂದು ಕುರ್ಚಿ ಇತ್ತು. ಆರು ತಿಂಗಳು ಪ್ರೊಬೇಶನ್. ಮಾಲೀಕರು ಜಯಂತ್‌ಭಾಯ್, ಸದಾ ಎರಡು ಮೊಬೈಲು ಹಿಡಿದ ಗುಜರಾತಿ. ಪ್ರೆಸ್ ನಡೆಸುವವರು ವಿಜಾಪುರದ ಕಡೆಯ ಮಲ್ಲಪ್ಪಣ್ಣ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಪ್ರೆಸ್ಸಿನ ಮುಂದೆ ಇಪ್ಪತ್ತು ವರ್ಷ ಕಳೆದವರು.

ಆ ಸಲ ಚಳಿ ಜೋರಾಗಿತ್ತು. ಡೊಂಬಿವಲಿಯಲ್ಲಿ ಚಳಿ ಎಂದರೆ ಊರವರು ನಗುತ್ತಾರೆ, ಆದರೆ ಬೆಳಗಿನ ಹೊತ್ತು ಎಂಐಡಿಸಿ ರಸ್ತೆಯಲ್ಲಿ ಮಂಜು ಮತ್ತು ಕೆಮಿಕಲ್ ಕಾರ್ಖಾನೆಗಳ ಹೊಗೆ ಸೇರಿ ನೆಲ ಬಿಟ್ಟು ಏಳುತ್ತಿರಲಿಲ್ಲ. ಮೂಗಿಗೆ ಹುಳಿ ವಾಸನೆ, ಕಣ್ಣಲ್ಲಿ ಉರಿ. ಶೆಡ್ಡಿನ ತಗಡಿನ ಗೋಡೆ ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತಿತ್ತು.

ಆಗಲೇ ಅಪ್ಪನ ಹೋಟೆಲಿನ ಮಾಲೀಕರು, ಶೇಟ್ರು, ಐರೋಲಿಯಲ್ಲಿ ಹೊಸ ಶಾಖೆ ತೆರೆಯುವುದೆಂದು ನಿಶ್ಚಯಿಸಿದರು. ಐಟಿ ಪಾರ್ಕಿನ ಎದುರು ಜಾಗ, ಹೋಟೆಲಿಗೆ ತಮ್ಮ ತೀರಿಹೋದ ತಾಯಿ ಕಮಲಮ್ಮನ ಹೆಸರು. ಮುಹೂರ್ತ ಗೊತ್ತಾಗಿತ್ತು. ಸಾಂಬಾರು, ಚಟ್ನಿಗೆ ನಲವತ್ತು ಆಳವಾದ ಪಾತ್ರೆ ಬೇಕು, ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಇಳಿಬಿಡುವಂಥದ್ದು. ಶೇಟ್ರಿಗೆ ಹಿಂದೊಮ್ಮೆ ಕಳಪೆ ಸ್ಟೀಲು ಕೊಟ್ಟು ಯಾರೋ ಮೋಸ ಮಾಡಿದ್ದರಂತೆ, ಯಾವ ಕಾರ್ಖಾನೆಯ ಮೇಲೂ ನಂಬಿಕೆ ಇರಲಿಲ್ಲ. ಅಪ್ಪ ಹಿಟ್ಟಿನ ಕೈಯಲ್ಲೇ ಹೊರಬಂದು ಹೇಳಿದರಂತೆ: "ಶೇಟ್ರೇ, ನನ್ನ ಮಗಳ ಕಾರ್ಖಾನೆ ಉಂಟಲ್ಲ. ಅವಳ ಸಹಿ ಇಲ್ಲದೆ ಒಂದು ಚಮಚೆ ಸಹ ಹೊರಗೆ ಬರುವುದಿಲ್ಲ." ಮೂವತ್ತು ವರ್ಷದಲ್ಲಿ ಅಪ್ಪ ಶೇಟ್ರಲ್ಲಿ ತಾನಾಗಿ ಹೇಳಿದ ಮೊದಲ ಮಾತು ಅದೇ ಇರಬೇಕು.

ಅಂಥ ಪಾತ್ರೆ ಮಾಡುವುದು ಹೀಗೆ. ಮೊದಲು ದುಂಡಗಿನ ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ಅಗಲ ಬಟ್ಟಲು ಮಾಡುತ್ತಾರೆ. ಅದೇ ಬಟ್ಟಲನ್ನು ಇನ್ನೊಮ್ಮೆ ಒತ್ತಿ ಎಳೆದು ಆಳ ಮಾಡುತ್ತಾರೆ. ಈ ಎರಡು ಎಳೆತದ ನಡುವೆ ಭಟ್ಟಿ. ಸ್ಟೀಲನ್ನು ಒತ್ತಿ ಎಳೆದಷ್ಟೂ ಅದು ಗಟ್ಟಿಯಾಗುತ್ತ ಪೆಡಸಾಗುತ್ತ ಹೋಗುತ್ತದೆ. ಭಟ್ಟಿಯಲ್ಲಿ ಕೆಂಡವಾಗಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗಿ ಹೇಳಿದ ಮಾತು ಕೇಳುತ್ತದೆ. ನಮ್ಮಲ್ಲಿ ಭಟ್ಟಿ ಇರಲಿಲ್ಲ. ಹಿಂದಿನ ಗಲ್ಲಿಯ ಶೆಡ್ಡಿಗೆ ಕಳಿಸಬೇಕಿತ್ತು. ಅವರಲ್ಲಿ ಆ ವಾರ ಸರದಿ ಉದ್ದವಿತ್ತು.

ಜಯಂತ್‌ಭಾಯ್ ಒಂದು ಮೊಬೈಲನ್ನು ಎದೆಗೆ ಒತ್ತಿಕೊಂಡು ನನ್ನ ಟೇಬಲಿಗೆ ಬಂದರು. "ಬೇಟಾ, ಗರ್ಮಿ ಮೇ ಯಹೀ ಪೀಸ್ ಬಿನಾ ಭಟ್ಟಿ ನಿಕಾಲಾ ಹೈ. ಕುಛ್ ನಹೀ ಹುವಾ. ತೂ ಎಂಜಿನಿಯರ್ ಹೈ, ತೂ ಬೋಲ್."

ಬೇಸಿಗೆಯಲ್ಲಿ ಭಟ್ಟಿಯಿಲ್ಲದೆ ತೆಗೆದ ಇಂಥದೇ ಪಾತ್ರೆಗೆ ಏನೂ ಆಗಿರಲಿಲ್ಲವಂತೆ. ತೂ ಎಂಜಿನಿಯರ್ ಹೈ, ನೀನು ಎಂಜಿನಿಯರ್. ಆ ಮಾತು ಕೇಳಲು ನಾನು ಎಷ್ಟು ವರ್ಷ ಕಾದಿದ್ದೆ! ಒಂದು ಪಾತ್ರೆಯನ್ನು ಭಟ್ಟಿಯಿಲ್ಲದೆ ಎಳೆಸಿ ನೋಡಿದೆ. ಬಿರುಕಿಲ್ಲ, ಅಳತೆ ಸರಿ, ಫಳಫಳ ಹೊಳೆಯುತ್ತಿತ್ತು. ನಡೆಯುತ್ತದೆ ಎಂದೆ.

ಮಲ್ಲಪ್ಪಣ್ಣ ಕೈ ಒರೆಸಿಕೊಳ್ಳುತ್ತ ಬಂದರು. "ತಂಗೀ, ಇದು ಥಂಡ್ಯಾಗ ಹಟ ಹಿಡೀತೈತಿ. ಬ್ಯಾಸಿಗ್ಯಾಗಿನ ಮಾತ ಬ್ಯಾರೆ. ಭಟ್ಟಿ ಬಿಟ್ಟು ಎಳದ್ರ ಬಾಯಿ ಸೀಳತೈತಿ. ಇವತ್ತ ಅಲ್ಲ, ನಾಳೆ ನಾಡದಾ."

"ಸ್ಟೀಲಿಗೂ ಚಳಿ ಆಗ್ತದಾ ಮಲ್ಲಪ್ಪಣ್ಣ?" ಅಂದೆ. "ಸ್ವೆಟರ್ ಹಾಕುವನಾ?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಮಲ್ಲಪ್ಪಣ್ಣನೂ ನಕ್ಕರು, ಆಮೇಲೆ ಪ್ರೆಸ್ಸಿನ ಕಡೆ ಹೋದರು. ಎರಡು ದಿನದಲ್ಲಿ ನಲವತ್ತೂ ತಯಾರಾದವು. ಪಾತ್ರೆಗಳ ಜೊತೆ ಹೋಗುವ ಕ್ವಾಲಿಟಿ ಸರ್ಟಿಫಿಕೇಟಿನ ಕೆಳಗೆ ಹೆಸರು ಬರೆದು, ಮುಂದೆ ಬಿ.ಇ. ಎಂದು ಸೇರಿಸಿ, ಎರಡಕ್ಕೂ ಅಡಿಗೆರೆ ಎಳೆದೆ. ಪ್ರಯೋಗಕ್ಕೆ ಎಳೆಸಿದ್ದ ನಲವತ್ತೊಂದನೆಯದು ನನ್ನ ಟೇಬಲಿನ ಕೆಳಗೆ ಉಳಿಯಿತು.

ಪಾತ್ರೆಗಳು ನೌಪಾಡಾಕ್ಕೆ ಹೋದವು. ಮಾರನೆಯ ದಿನ ಶೇಟ್ರು ಹೆಸರು ಕೊರೆಯುವವನನ್ನು ಕರೆಸಿದರು. ನಮ್ಮ ಕಡೆಯವರಿಗೆ ಪಾತ್ರೆಯ ಮೇಲೆ ಹೆಸರಿಲ್ಲದಿದ್ದರೆ ಅದು ತಮ್ಮದು ಅನ್ನಿಸುವುದೇ ಇಲ್ಲ. ಅವನು ಟಿರ್‌ರೆಂದು ಸದ್ದು ಮಾಡುವ ಸೂಜಿಯಂತ್ರ ಹಿಡಿದು ಬಾಯಂಚಿನ ಕೆಳಗೆ "ಕಮಲಾ" ಎಂದು ಚುಕ್ಕೆಚುಕ್ಕೆಯಾಗಿ ಕೊರೆಯುತ್ತ, ಅರ್ಧದಲ್ಲಿ ತಲೆಯೆತ್ತಿ ಹೇಳಿದನಂತೆ: "ಶೇಟ್, ಕಾಠ ಫಾರ್ ಕಡಕ್ ಆಹೇ. ಸೂಜಿ ಉಡತೇ. ಮಾಲ್ ಬರೋಬರ್ ಆಹೇ ನಾ?"

ಅಂಚು ಬಹಳ ಗಟ್ಟಿ, ಸೂಜಿ ಹಾರುತ್ತದೆ, ಮಾಲು ಸರಿ ಇದೆಯಾ? ಶೇಟ್ರಿಗೆ ಅಷ್ಟು ಸಾಕಾಯಿತು. ಕೋಲ್ಡ್‌ಡ್ರಿಂಕಿನ ಫ್ರಿಜ್ಜಿನ ಮೇಲೆ ಗಣಪತಿಯ ಒಂದು ಮ್ಯಾಗ್ನೆಟ್ ಇತ್ತು. ಅದನ್ನು ಕಿತ್ತು ತಂದು ಪಾತ್ರೆಯ ಬಾಯಿಗೆ ಹಿಡಿದರು. ಗಣಪತಿ ಗಟ್ಟಿಯಾಗಿ ಅಂಟಿ ಕುಳಿತ. ನಲವತ್ತರಲ್ಲೂ.

ಒಳ್ಳೆಯ ಸ್ಟೀಲಿಗೆ ಮ್ಯಾಗ್ನೆಟ್ ಅಂಟುವುದಿಲ್ಲ ಎನ್ನುವುದು ಹೋಟೆಲಿನವರ ವೇದವಾಕ್ಯ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಎಲ್ಲರ ಮುಂದೆ, ಶೇಟ್ರು ಅಪ್ಪನನ್ನು ಕೇಳಿದರು. "ಶೀನ, ನಿನ್ನ ಮಗಳು ಕಲಿತದ್ದು ಎಂಜಿನಿಯರಿಂಗಾ, ಗುಜರಿ ವ್ಯಾಪಾರವಾ?"

ಸಂಜೆ ಅಪ್ಪ ಮನೆಗೆ ಬಂದು ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ಕುಳಿತರು. ಚಾ ಮುಟ್ಟಲಿಲ್ಲ. ನಮ್ಮ ಮನೆಮಾತು ತುಳು. ತುಳುವಿನಲ್ಲಿ ಅಪ್ಪ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಮಗಾ, ಆ ಕಾಗದಕ್ಕೆ ಸಹಿ ಹಾಕಿದ್ದು ನೀನೇಯಾ?"

ನಡೆದದ್ದನ್ನೆಲ್ಲ ಹೇಳಿದರು. ಕೇಳುತ್ತ ಕೇಳುತ್ತ, ನಾಚಿಕೆಯ ಮಾತು, ನನಗೆ ಸಮಾಧಾನವಾಯಿತು. ಇದು ನನಗೆ ಗೊತ್ತಿದ್ದ ಪ್ರಶ್ನೆ! ಪರೀಕ್ಷೆಯಲ್ಲಿ ಬರೆದು ಅಂಕ ಪಡೆದದ್ದು. ಉತ್ಸಾಹದಿಂದ ವಿವರಿಸಲು ಕುಳಿತೆ. "ಅಪ್ಪಾ, ಮಾಲು ಚೊಕ್ಕ ಉಂಟು. ಸ್ಟೀಲಿನ ಒಳಗೆ ಕಣಗಳು ಒಂದು ಕ್ರಮದಲ್ಲಿ ಕೂತಿರ್ತವೆ. ಒತ್ತಿ ಎಳೆದರೆ ಕೆಲವು ಕಡೆ ಆ ಕ್ರಮ ಮಗುಚಿ ಬೇರೆ ಆಗ್ತದೆ. ಅದು ಗಟ್ಟಿ, ಮ್ಯಾಗ್ನೆಟ್ಟಿಗೂ ಅಂಟ್ತದೆ. ತಳದಲ್ಲಿ ಎಳೆತ ಕಡಿಮೆ, ಅಲ್ಲಿ ಅಂಟುವುದಿಲ್ಲ. ಬಾಯಿಯಲ್ಲಿ ಎಳೆತ ಜಾಸ್ತಿ. ಥಂಡಿ ಇದ್ದರೆ ಇನ್ನೂ—"

ಅಲ್ಲಿ ನನ್ನ ನಾಲಿಗೆ ನಿಂತಿತು. ಥಂಡಿ ಇದ್ದರೆ ಇನ್ನೂ ಹೆಚ್ಚು. ಪುಸ್ತಕದಲ್ಲಿ ಅದೂ ಇತ್ತು. ಅಂಕಕ್ಕಾಗಿ ಅದನ್ನೂ ಬರೆದಿದ್ದೆ.

ಅಪ್ಪ ಅದನ್ನು ಗಮನಿಸಲಿಲ್ಲ. ಅವರ ಮುಖ ಸ್ವಲ್ಪ ತಿಳಿಯಾಗಿತ್ತು. ಕೈಗಳು ತಾವಾಗಿಯೇ ಗಾಳಿಯಲ್ಲಿ ನಾದಲು ಸುರುಮಾಡಿದವು. "ಹಾಗೆ ಹೇಳು. ಪರೋಟದ ಹಿಟ್ಟು ಸಹ ಹಾಗೆಯೇ. ನಾದಿದಷ್ಟೂ ಬಿಗಿ ಆಗ್ತದೆ, ಲಟ್ಟಿಸಿದರೆ ಹಿಂದೆ ಎಳೀತದೆ. ಮತ್ತೂ ಎಳೆದರೆ ಅಂಚು ಹರೀತದೆ. ನಡುವೆ ಬಟ್ಟೆ ಮುಚ್ಚಿ ಬಿಡ್ಬೇಕು." ಆಮೇಲೆ ತೀರಾ ಸಹಜವಾಗಿ, ನಾನು ಮಾಡಿರುತ್ತೇನೆಂಬ ನಂಬಿಕೆಯಿಂದಲೇ, ಕೇಳಿದರು: "ನೀವು ನಡುವೆ ಬಿಟ್ಟಿದ್ದೀರಲ್ಲ?"

ನಾನು ಚಾ ಬಿಸಿ ಮಾಡಲು ಎದ್ದು ಹೋದೆ.

ಬೆಳಗಾಗುತ್ತಲೇ ಕಾರ್ಖಾನೆಗೆ ಓಡಿ ಟೇಬಲಿನ ಕೆಳಗಿನ ನಲವತ್ತೊಂದನೆಯ ಪಾತ್ರೆಯನ್ನು ತೆಗೆದು ಬೆಳಕಿಗೆ ಹಿಡಿದೆ. ಬಿರುಕಿಲ್ಲ. ಕಿವಿಗೆ ಹಿಡಿದೆ. ಸದ್ದಿಲ್ಲ. ಭಟ್ಟಿ ಕಾಣದ ಪಾತ್ರೆ ಸೀಳುವಾಗ ಟಣ್ಣೆಂದು ಒಂದು ಸಲ ಹೇಳುತ್ತದೆ ಎಂದು ಮಲ್ಲಪ್ಪಣ್ಣ ಹಿಂದೊಮ್ಮೆ ಅಂದಿದ್ದರು. ಅದರ ಬಾಯಂಚಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ ಚೀಲಕ್ಕೆ ಹಾಕಿಕೊಂಡು ಠಾಣೆಯ ಲೋಕಲ್ ರೈಲು ಗಾಡಿ ಹತ್ತಿದೆ. ಯಾರದೋ ಊಟದ ಡಬ್ಬಿ ಕಂಬಕ್ಕೆ ತಾಗಿ ಸದ್ದಾದರೂ ತಿರುಗಿ ನೋಡುತ್ತಿದ್ದೆ. ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ: ಒಂದೂ ಸೀಳಿಲ್ಲ, ಸೀಳದಿರಲೂಬಹುದು, ಈಗ ಇರುವುದು ಮ್ಯಾಗ್ನೆಟ್ಟಿನ ಆರೋಪ ಮಾತ್ರ, ಅದಕ್ಕೆ ಉತ್ತರ ಕೊಟ್ಟು ಬಂದುಬಿಡು.

ಉತ್ತರ ಚೆನ್ನಾಗಿಯೇ ಕೊಟ್ಟೆ. ಹೋಟೆಲಿನ ಅಡುಗೆಮನೆಯಲ್ಲಿ, ಶೇಟ್ರು, ಅಪ್ಪ, ದೋಸೆಯವರು, ಪಾತ್ರೆ ತೊಳೆಯುವವರು ಎಲ್ಲರೂ ಸುತ್ತ ನಿಂತಿರುವಾಗ ಪಟ್ಟಿಗೆ ಗಣಪತಿಯನ್ನು ಹಿಡಿದು ತೋರಿಸಿದೆ. ಅಂಟಿದ. ಇಕ್ಕಳದಲ್ಲಿ ಪಟ್ಟಿಯನ್ನು ಹಿಡಿದು ದೊಡ್ಡ ಬರ್ನರಿನ ಉರಿಗೆ ಒಡ್ಡಿದೆ. ಅದು ಕೆಂಪಾಗಿ, ಕಿತ್ತಳೆಯಾಗುವ ತನಕ ಕಾದು ಬಕೆಟ್ಟಿನ ನೀರಿಗೆ ಅದ್ದಿದೆ. ಚುಸ್ಸೆಂದಿತು. ಒರೆಸಿ ಗಣಪತಿಯನ್ನು ಮತ್ತೆ ಇಟ್ಟೆ. ಗಣಪತಿ ಜಾರಿ ನೆಲಕ್ಕೆ ಬಿದ್ದ.

"ಅರೆ!" ಎಂದರು ದೋಸೆಯವರು. "ಇವಳು ಮಾಟ ಮಾಡಿದಳಾ ಎಂತ!"

"ಸ್ಟೀಲು ಅದೇ ಶೇಟ್ರೇ" ಅಂದೆ. "ಎಳೆದದ್ದಕ್ಕೆ ಗುಣ ಬದಲಾಗಿತ್ತು. ಬೆಂಕಿ ಕಂಡ ಮೇಲೆ ಹಿಂದಿನ ಗುಣಕ್ಕೆ ಬಂತು. ಕಳಪೆ ಮಾಲಾದರೆ ಕಾಯಿಸಿದ ಮೇಲೂ ಅಂಟುತ್ತಿತ್ತು."

ಶೇಟ್ರು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು. "ಹುಡುಗಿಗೆ ವಿದ್ಯೆ ಉಂಟು ಮಾರಾಯಾ ಶೀನ! ನಿನ್ನೆ ಹೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಬೇಡ." ಅಪ್ಪ ತಲೆ ತಗ್ಗಿಸಿ ನಗುತ್ತಿದ್ದರು. ಎರಡು ಕೈಯನ್ನೂ ಏಪ್ರನ್ನಿಗೆ ಒರೆಸುತ್ತಲೇ ಇದ್ದರು, ಕೈ ಒಣಗಿಯೇ ಇತ್ತು.

ಆಗಲೇ ನಾನು ಹೊರಟುಬಿಡಬಹುದಿತ್ತು. ಕೈಯಲ್ಲಿದ್ದ ಪಟ್ಟಿಯನ್ನು ಶೇಟ್ರು ಸುಮ್ಮನೆ ಬಗ್ಗಿಸಿದರು. ಅದು ಮೇಣದ ಹಾಗೆ ಬಗ್ಗಿತು. "ಎಷ್ಟು ಮೆತ್ತಗಾಗಿದೆ ನೋಡು" ಅಂದರು. ಅಪ್ಪ ಅದನ್ನು ತೆಗೆದುಕೊಂಡು ತಾವೂ ಬಗ್ಗಿಸಿದರು. ಆಮೇಲೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಂಶಯವಿರಲಿಲ್ಲ. ಹಿಂದಿನ ಸಂಜೆ ಕೇಳಿ ಉತ್ತರ ಸಿಗದೆ ಉಳಿದ ಒಂದು ಪ್ರಶ್ನೆ ಮಾತ್ರ ಇತ್ತು.

"ಶೇಟ್ರೇ, ಮಾಲು ಸರಿ ಉಂಟು, ಕೆಲಸ ಸರಿ ಇಲ್ಲ" ಅಂದೆ. "ಆ ಪಾತ್ರೆಗಳನ್ನು ನಡುವೆ ಭಟ್ಟಿಗೆ ಹಾಕಬೇಕಿತ್ತು. ಹಾಕಿಲ್ಲ. ಬೇಡ ಅಂತ ಹೇಳಿದವಳು ನಾನೇ. ಬಾಯಿ ಸೀಳಬಹುದು."

ಶೇಟ್ರು ಅಪ್ಪನ ಕೈಯಿಂದ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡರು.

"ನೀನು ಹೇಳದಿದ್ದರೆ ನಂಗೆ ಗೊತ್ತಾಗ್ತಿತ್ತಾ?" ಶೇಟ್ರು ಕೇಳಿದರು.

"ಐರೋಲಿಯಲ್ಲಿ ಗೊತ್ತಾಗ್ತಿತ್ತು. ಸಾಂಬಾರು ತುಂಬಿದ ಮೇಲೆ."

ಅವರು ನಗಲಿಲ್ಲ. ಅಟ್ಟದಿಂದ ಪಾತ್ರೆಗಳನ್ನು ಇಳಿಸಿದರು. ಒಂದೊಂದನ್ನೂ ನಾನೇ ಬೆಳಕಿಗೆ ಹಿಡಿದು ನೋಡಿದೆ. ಹತ್ತು, ಹದಿನೈದು, ಇಪ್ಪತ್ತು. ಎಲ್ಲ ನೆಟ್ಟಗಿದ್ದವು. ಸುಮ್ಮನೆ ಬಾಯಿ ಬಿಟ್ಟೆನೋ ಎಂದು ಒಳಗೊಳಗೇ ಮರುಗುತ್ತಿದ್ದಾಗ ಇಪ್ಪತ್ತೆರಡನೆಯದು ಕೈಗೆ ಬಂತು. ಬಾಯಿಯಿಂದ ಅರ್ಧದವರೆಗೆ, ಚಾಕುವಿನಲ್ಲಿ ಗೀರಿದ ಹಾಗೆ ನೆಟ್ಟಗೆ ಸೀಳಿತ್ತು. ಇನ್ನೆರಡು ಅದೇ ರೀತಿ. ಮೂರರಲ್ಲೂ ಸೀಳು ಸುರುವಾದದ್ದು ಹೆಸರು ಕೊರೆದ ಚುಕ್ಕೆಗಳಲ್ಲಿ. ಶೇಟ್ರು ತಾಯಿಯ ಹೆಸರಿನ ಮೇಲೆ ಬೆರಳಾಡಿಸಿದರು. ಕ ಒಂದು ಕಡೆ, ಮಲಾ ಒಂದು ಕಡೆ. ಪಾತ್ರೆಯನ್ನು ಕೆಳಗಿಟ್ಟು ಅಂದರು: "ಮುಹೂರ್ತ ಬುಧವಾರ ಬೆಳಿಗ್ಗೆ. ಮೊದಲ ಹಾಲು ಇದೇ ಪಾತ್ರೆಯಲ್ಲಿ ಉಕ್ಕಬೇಕು. ಎಂತ ಮಾಡ್ತಿ ಮಾಡು."

ಅಂದು ಗುರುವಾರ. ಕಾರ್ಖಾನೆಗೆ ತಿರುಗಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಜಯಂತ್‌ಭಾಯ್ ಎರಡೂ ಮೊಬೈಲುಗಳನ್ನು ಟೇಬಲ್ ಮೇಲಿಟ್ಟು ನನ್ನನ್ನು ನೋಡಿದರು. ಅವರು ಮೊಬೈಲು ಕೆಳಗಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಮಾಲ್ ಸಹೀ, ಪಾರ್ಟಿ ಖುಶ್. ಫಿರ್ ಮುಹ್ ಕಾಯ್‌ಕೋ ಖೋಲಾ?" ಗಿರಾಕಿ ಖುಷಿಯಾಗಿದ್ದಾಗ ಬಾಯಿ ಯಾಕೆ ಬಿಟ್ಟೆ, ಪಾತ್ರೆಗಳನ್ನು ಸರಿಮಾಡಿ ಕೊಡು, ಬುಧವಾರದ ನಂತರ ಬರಬೇಡ ಎಂದರು. ಪ್ರೊಬೇಶನ್ ಮುಗಿಯಲು ಹನ್ನೊಂದು ದಿನ ಬಾಕಿ ಇತ್ತು.

ಭಟ್ಟಿಯ ಶೆಡ್ಡಿನವರು ಮುಂದಿನ ವಾರದ ಕೊನೆಗೆ ಬನ್ನಿ ಎಂದರು. ಅಲ್ಲಿಂದ ತಿರುಗಿ ಬಂದು ಮಲ್ಲಪ್ಪಣ್ಣನ ಮುಂದೆ ನಿಂತೆ. ಅವರು ನನ್ನ ಮುಖ ನೋಡಿಯೇ ಪ್ರೆಸ್ ನಿಲ್ಲಿಸಿದರು.

"ಎಷ್ಟ ಸೀಳ್ಯಾವು?"

"ಮೂರು."

"ಉಳಿದಾವು ಇನ್ನೂ ಸೀಳಾಕ ಕಾಯಾಕತ್ತಾವು ಹಂಗಾರ." ಕೈಯ ಎಣ್ಣೆಬಟ್ಟೆಯನ್ನು ಪ್ರೆಸ್ಸಿನ ಮೇಲಿಟ್ಟು ಹೇಳಿದರು: "ನಾಳೆ ಶುಕ್ರವಾರ, ಎಂಐಡಿಸಿ ಸೂಟಿ. ಭಟ್ಟಿ ನೋಡ್ಕೊಳ್ಳಾಂವ ನಮ್ಮೂರಾಂವ. ಮಾಲೀಕರ ಕಡೆ ಕೇಳಿ ಹೊತ್ತಸಾಕ ಹಚ್ತೀನಿ. ನೀನೂ ಬಾ. ನಿಂತ ನೋಡು."

ಶುಕ್ರವಾರ ಇಡೀ ಎಂಐಡಿಸಿ ಖಾಲಿ. ಭಟ್ಟಿಯ ಬಾಯಿ ತೆರೆದಾಗ ಶೆಡ್ಡಿನ ಚಳಿಯೆಲ್ಲ ಹೊರಗೋಡಿತು. ಉದ್ದ ಚಿಮಟದಲ್ಲಿ ಮೊದಲ ಪಾತ್ರೆ ಒಳಗೆ ಹೋಗುವಾಗ ಮಲ್ಲಪ್ಪಣ್ಣ ತಿರುಗಿ, ಎಲ್ಲರಿಗೂ ಕೇಳುವಂತೆ ಕೂಗಿದರು: "ತಂಗೀ, ಸ್ವೆಟರ್ ತಂದೀಯೇನ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಕಣ್ಣು ತುಂಬಿದ್ದು ಹೊಗೆಗೆ ಎಂದು ಸೆರಗಿನಲ್ಲಿ ಒರೆಸಿಕೊಂಡೆ.

ಮೂವತ್ತೇಳು ಪಾತ್ರೆಗಳು ಕೆಂಡವಾಗಿ ನೀರಿಗೆ ಬಿದ್ದವು. ಪ್ರತಿಯೊಂದು ಬೀಳುವಾಗಲೂ ನಾನು ಉಸಿರು ಹಿಡಿದಿದ್ದೆ. ಒಂದೂ ಸೀಳಲಿಲ್ಲ. ಆದರೆ ಹೊಳಪು ಹೋಗಿ ಕಪ್ಪು ಹಿಡಿದಿತ್ತು. ಆಸಿಡ್ಡಿನಲ್ಲಿ ತೊಳೆದ ಮೇಲೆ ಬೂದಿಬಿಳುಪಾದವು. ಪಾಲಿಶ್‌ನವರಲ್ಲೂ ಸರದಿ ಉದ್ದವಿತ್ತು, ಬುಧವಾರದೊಳಗೆ ಆಗದು ಎಂದರು. ಬೆರಳಿನಿಂದ ಒತ್ತಿದರೆ ಅಂಚು ಸ್ವಲ್ಪ ಬಗ್ಗುತ್ತಿತ್ತು. "ಮೆತ್ತಗ ಆಗ್ಯಾವು, ನೆಗ್ಗತಾವು" ಎಂದರು ಮಲ್ಲಪ್ಪಣ್ಣ. "ನೆಗ್ಗಿದ್ದನ್ನ ಬಡದ ಸರಿ ಮಾಡಬೋದು. ಸೀಳಿದ್ದನ್ನ ಏನ ಮಾಡ್ತಿ?"

ಬುಧವಾರ ಬೆಳಿಗ್ಗೆ ಅಪ್ಪ, ನಾನು ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಕೆಲಸ ಹೋಯಿತೆಂದು ಅವರಿಗೆ ಹಿಂದಿನ ದಿನವೇ ಹೇಳಿದ್ದೆ. ಗಾಡಿಯಲ್ಲಿ ಕಿಟಕಿಯಾಚೆ ಖಾಡಿಯ ನೀರಿನ ಕಡೆ ನೋಡುತ್ತ, "ನಿನ್ನ ಸರ್ಟಿಫಿಕೇಟು ಗೋಡೆಯಲ್ಲೇ ಇರ್ತದೆ, ಅದನ್ನು ಯಾರೂ ತೆಗೆಯುವುದಿಲ್ಲ" ಎಂದರು, ಅಷ್ಟೆ.

ಹೊಸ ಹೋಟೆಲು ಬಣ್ಣ, ಊದುಬತ್ತಿ, ಮಾವಿನೆಲೆಯ ವಾಸನೆಯಿಂದ ತುಂಬಿತ್ತು. ಎಲ್ಲವೂ ಹೊಳೆಯುತ್ತಿತ್ತು, ಸಾಲಾಗಿಟ್ಟ ಆ ಪಾತ್ರೆಗಳ ಹೊರತು. "ಹೊಸ ಹೋಟೆಲಿಗೆ ಅಜ್ಜಿಕಾಲದ ಪಾತ್ರೆ ತಂದ ಹಾಗೆ ಉಂಟು" ಎಂದು ಶೇಟ್ರು ಗೊಣಗಿದರು. ಆದರೂ ಒಂದನ್ನು ತಾವೇ ಎತ್ತಿ, ಮಾಸಿದ "ಕಮಲಾ" ಎದುರಿಗೆ ಬರುವಂತೆ ಒಲೆಯ ಮೇಲಿಟ್ಟು ಹಾಲು ಸುರಿದರು. ಒಲೆ ಹಚ್ಚಲು ಅಪ್ಪನನ್ನು ಕರೆದರು. "ಬಾ ಶೀನ. ನಿನ್ನ ಮಾತಿನ ಮೇಲೆ ಬಂದ ಪಾತ್ರೆ ಅಲ್ವಾ, ನೀನೇ ಹಚ್ಚು."

ಪುರೋಹಿತರ ಮಂತ್ರ ನಡೆದಿತ್ತು. ಅಪ್ಪ ಲೈಟರ್ ಹಿಡಿದು ಒಲೆಯ ಮುಂದೆ ಹೋದರು. ಹೋಗಿ ನಿಂತರು. ಪಾತ್ರೆಯ ಅಂಚನ್ನು ಹೆಬ್ಬೆರಳಿನಿಂದ, ಹಿಟ್ಟಿನ ಹದ ನೋಡುವ ಹಾಗೆ, ಒತ್ತಿ ನೋಡಿದರು. ಆಮೇಲೆ ಎಲ್ಲರ ನಡುವೆ ನನ್ನನ್ನು ಹುಡುಕಿ ಕೇಳಿದರು.

"ಈ ಸಲ ನಡುವೆ ಬಿಟ್ಟಿದ್ದೀರಲ್ಲ ಮಗಾ?"

"ಬಿಟ್ಟಿದ್ದೇವೆ ಅಪ್ಪಾ."

ಅಪ್ಪ ಒಲೆ ಹಚ್ಚಿದರು. ಹಾಲು ಬಿಸಿಯಾಗಿ, ಅಂಚಿನಲ್ಲಿ ನೊರೆ ಕಟ್ಟಿ, ಮೇಲೇಳತೊಡಗಿತು. ಅದು ಏರುತ್ತಿರುವಾಗ ನಾನು ಹೆಸರಿನ ಚುಕ್ಕೆಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಹಾಲು ಅಂಚು ದಾಟಿ ಕಮಲಾ ಎಂಬ ಹೆಸರಿನ ಮೇಲೆ ಹರಿದು ಒಲೆಗೆ ಚೆಲ್ಲಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಶೇಟ್ರು ಕಣ್ಣೊರೆಸಿಕೊಂಡರು, ಯಾರೋ ಅಪ್ಪನನ್ನು ಮತ್ತೆ ಎಂಜಿನಿಯರ್ ಅಪ್ಪ ಎಂದು ಕರೆದರು. ಉಕ್ಕಿದ ಹಾಲು ಆರಿ, ಪಾತ್ರೆ ತಣ್ಣಗಾಗಿ, ಜನರೆಲ್ಲ ಉಪ್ಪಿಟ್ಟು ಶೀರಾ ತಿನ್ನಲು ಹೋದ ಮೇಲೂ ನಾನು ಆ ಒಲೆಯ ಪಕ್ಕದಲ್ಲಿ, ಟಣ್ಣೆಂಬ ಸದ್ದು ಬಂದೀತೇ ಎಂದು ಕಿವಿಗೊಟ್ಟು ನಿಂತೇ ಇದ್ದೆ.